ಅವಳೇ ಇವಳು

ಎಂದೋ ಒಂದೂರಿನಲ್ಲಿ ಕಂಡಿದ್ದ ದೇವದತ್ತ ಇಂದು ಇನ್ನೊಂದೂರಿನಲ್ಲಿ ಎದುರಾಗುತ್ತಾನೆ. ಮೈಕಟ್ಟು ಬೇರೆ, ಕೂದಲಿನ ಬಣ್ಣ ಬೇರೆ, ನಡೆಯುವ ವೇಗವೂ ಬೇರೆ. ಆದರೂ ಕಂಡೊಡನೆ ‘ಅವನೇ ಇವನು’ ಎನ್ನುತ್ತೇವೆ. ಈ ಪುಟ್ಟ ಉದಾಹರಣೆಯನ್ನಿಟ್ಟುಕೊಂಡು ನಮ್ಮ ದಾರ್ಶನಿಕರು ಶತಮಾನಗಟ್ಟಲೆ ವಾದ ಮಾಡಿದರು. ಎಲ್ಲವೂ ಕ್ಷಣಿಕ, ಈ ಗಳಿಗೆಯ ದೀಪದ ಕುಡಿ ಹಿಂದಿನ ಗಳಿಗೆಯದಲ್ಲ, ಹೋಲಿಕೆಯನ್ನು ಕಂಡು ನಾವು ಒಂದೇ ಎಂದು ಭ್ರಮಿಸುತ್ತೇವೆ ಎಂದರು ಬೌದ್ಧರು. ಗುರುತು ಹಿಡಿಯುತ್ತೇವೆ ಎಂಬ ಅನುಭವವೇ ಬದಲಾಗದೆ ಉಳಿದದ್ದು ಏನೋ ಇದೆ ಎನ್ನುವುದಕ್ಕೆ ಸಾಕ್ಷಿ ಎಂದರು ನೈಯಾಯಿಕರೂ ಮೀಮಾಂಸಕರೂ. ಆ ಗುರುತು ಹಿಡಿಯುವಿಕೆಗೆ ಪ್ರತ್ಯಭಿಜ್ಞೆ ಎಂಬ ಹೆಸರಿದೆ.

ಈ ವಾದ ನನಗೆ ಶಾಸ್ತ್ರಗ್ರಂಥದ ಮಾತಾಗಿ ಉಳಿಯದೆ ಕಣ್ಣಿಗೆ ಕಾಣುವ ಸಂಗತಿಯಾದದ್ದು ಒಂದು ಕಾಮಿಕ್ಸ್ ಸರಣಿಯಿಂದ. ಅದು ‘ಲವ್ ಅಂಡ್ ರಾಕೆಟ್ಸ್’. ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡ್ ಎಂಬ ಊರಿನ ಮೆಕ್ಸಿಕನ್ ಮೂಲದ ಕುಟುಂಬವೊಂದರ ಅಣ್ಣತಮ್ಮಂದಿರಾದ ಮಾರಿಯೊ, ಗಿಲ್ಬರ್ಟ್ ಮತ್ತು ಹೈಮೆ ಹೆರ್ನಾಂಡೆಸ್ 1981ರಲ್ಲಿ ತಮ್ಮದೇ ಖರ್ಚಿನಲ್ಲಿ ಮೊದಲ ಸಂಚಿಕೆಯನ್ನು ಅಚ್ಚು ಹಾಕಿಸಿದರು. ವಿಮರ್ಶೆಗೆಂದು ಒಂದು ಪ್ರತಿಯನ್ನು ‘ದಿ ಕಾಮಿಕ್ಸ್ ಜರ್ನಲ್’ ಪತ್ರಿಕೆಗೆ ಕಳಿಸಿದಾಗ ಅದರ ಸಂಪಾದಕ ಗ್ಯಾರಿ ಗ್ರಾತ್ ತಾವೇ ಪ್ರಕಟಿಸಲು ಮುಂದಾದರು. 1982ರಲ್ಲಿ ಫ್ಯಾಂಟಾಗ್ರಾಫಿಕ್ಸ್ ಪ್ರಕಾಶನದಿಂದ ಅದು ಮತ್ತೆ ಹೊರಬಂತು. ಐವತ್ತು ಸಂಚಿಕೆಗಳ ಮೊದಲ ಸುತ್ತು 1996ರಲ್ಲಿ ಮುಗಿಯಿತು. ಆಮೇಲೆ ಆಕಾರ ಬದಲಿಸಿಕೊಂಡು, ಕೆಲವು ಕಾಲ ಬೇರೆ ಹೆಸರುಗಳಲ್ಲಿ, ಕೆಲವು ಕಾಲ ವರ್ಷಕ್ಕೊಂದು ಪುಸ್ತಕವಾಗಿ ಅದು ಮುಂದುವರಿಯಿತು. ನಾಲ್ಕು ದಶಕ ದಾಟಿದ ಮೇಲೂ ಗಿಲ್ಬರ್ಟ್ ಮತ್ತು ಹೈಮೆ ತಮ್ಮ ಅವವೇ ಪಾತ್ರಗಳ ಕಥೆ ಹೇಳುತ್ತಿದ್ದಾರೆ. ಆ ಪಾತ್ರಗಳಿಗೂ ಅಷ್ಟೇ ವಯಸ್ಸಾಗುತ್ತ ಬಂದಿದೆ. ಇದನ್ನು ನಾನು ಕಾಮಿಕ್ಸ್ ಇತಿಹಾಸದ ಅತಿ ಧೀರ ನಿರ್ಧಾರ ಎಂದು ನಂಬಿದ್ದೇನೆ.

ಯಾಕೆ ಎಂದು ಹೇಳಬೇಕಾದರೆ ವಯಸ್ಕರ ಕಾಮಿಕ್ಸ್ ಎಂದರೇನು ಎಂಬ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳಬೇಕು. 1954ರಲ್ಲಿ ಅಮೆರಿಕದ ಪ್ರಕಾಶಕರು ಸಾರ್ವಜನಿಕ ಕೋಪಕ್ಕೆ ಹೆದರಿ ಕಾಮಿಕ್ಸ್ ಕೋಡ್ ಎಂಬ ನಿಯಮಾವಳಿಯನ್ನು ತಮಗೆ ತಾವೇ ವಿಧಿಸಿಕೊಂಡರು. ಕ್ರೌರ್ಯಕ್ಕೆ ಮಿತಿ, ಕಾಮಕ್ಕೆ ಬೇಲಿ, ಒಳ್ಳೆಯದಕ್ಕೇ ಕಡ್ಡಾಯ ಗೆಲುವು. ರಾಬರ್ಟ್ ಕ್ರಂಬ್ 1968ರಲ್ಲಿ ‘ಝ್ಯಾಪ್’ ತಂದಾಗ, ಅವರ ಸುತ್ತ ಬೆಳೆದ ಭೂಗತ ಕಾಮಿಕ್ಸ್‌ನವರು ಆ ಬೇಲಿಗಳನ್ನು ಒಂದೊಂದಾಗಿ ಕಿತ್ತರು. ಬತ್ತಲೆ ಮೈ, ಮಾದಕದ್ರವ್ಯ, ದೇವನಿಂದೆ, ಏನೂ ಬಾಕಿ ಉಳಿಯಲಿಲ್ಲ. ಆ ಬಿಡುಗಡೆ ಬೇಕಿತ್ತು. ಆದರೆ ಅದರಲ್ಲಿ ಬಹುಪಾಲು ನಿಷಿದ್ಧವಾದದ್ದನ್ನು ತೋರಿಸುವ ಉಮೇದಿನಲ್ಲೇ ನಿಂತುಹೋಯಿತು. ಹೆರ್ನಾಂಡೆಸ್ ಸಹೋದರರಿಗೆ ಆ ಸ್ವಾತಂತ್ರ್ಯ ಶುರುವಿನಿಂದಲೇ ಸಿಕ್ಕಿತ್ತು. ಕಾಮಿಕ್ಸ್ ಓದುತ್ತಿದ್ದ ತಾಯಿಯ ಮನೆಯಲ್ಲಿ, ಕಾಮಿಕ್ಸ್ ರಾಶಿಯ ನಡುವೆ ಬೆಳೆದವರು ಅವರು; ಯಾರ ಅಪ್ಪಣೆಗೂ ಕಾಯದೆ ಎಲ್ಲವನ್ನೂ ತಾವೇ ಮಾಡಿಕೊಳ್ಳುವ ಪಂಕ್ ಸಂಗೀತದ ಛಲ ಅವರಲ್ಲಿತ್ತು. ಅವರ ಪುಟಗಳಲ್ಲೂ ಕಾಮವಿದೆ, ರಕ್ತವಿದೆ. ಆದರೆ ಅವರು ಮುರಿದ ನಿಜವಾದ ಬೇಲಿ ಇನ್ನೊಂದು: ಮುಂದಿನ ಸಂಚಿಕೆಯಲ್ಲಿ ಎಲ್ಲವೂ ಮೊದಲಿನಂತಾಗುತ್ತದೆ ಎಂಬ ಭರವಸೆ.

ಚಿತ್ರಕಥೆಯ ಲೋಕ ಈ ಭರವಸೆಯ ಮೇಲೇ ನಿಂತಿದೆ. ಟಿನ್‌ಟಿನ್‌ಗೆ ವಯಸ್ಸಾಗುವುದಿಲ್ಲ. ‘ಪೀನಟ್ಸ್’ನ ಚಾರ್ಲಿ ಬ್ರೌನ್ ಐವತ್ತು ವರ್ಷ ಸೋಲುತ್ತಲೇ ಇದ್ದ, ಶಾಲೆ ಮಾತ್ರ ಮುಗಿಯಲಿಲ್ಲ. ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣರ ಶ್ರೀಸಾಮಾನ್ಯ ಎಷ್ಟೋ ಪ್ರಧಾನಿಗಳನ್ನು ಕಂಡ, ಅವನ ಚೌಕಳಿ ಕೋಟು ಹಳತಾಗಲಿಲ್ಲ. ಇವರ್ಯಾರೂ ಕಡಿಮೆಯವರಲ್ಲ, ಲಕ್ಷ್ಮಣರ ಆ ಮುದುಕ ಕಾಲದ ಹೊರಗೆ ನಿಂತದ್ದರಿಂದಲೇ ಅಷ್ಟು ಒಳ್ಳೆಯ ಸಾಕ್ಷಿಯಾದ. ಆದರೆ ಸಾಕ್ಷಿಗೆ ನಷ್ಟವೆಂಬುದಿಲ್ಲ. ಕಾಲ ಯಾರನ್ನು ಗಾಯಗೊಳಿಸಲಾರದೋ ಅವರನ್ನು ಪ್ರೀತಿಸಬಹುದು, ಅವರೊಂದಿಗೆ ಬಾಳಲು ಬರುವುದಿಲ್ಲ.

ಪಾತ್ರಗಳನ್ನು ಬೆಳೆಸಿದವರಲ್ಲಿ ಹೆರ್ನಾಂಡೆಸ್ ಸಹೋದರರೇ ಮೊದಲಿಗರಲ್ಲ ಎನ್ನುವುದು ನಿಜ. ಫ್ರಾಂಕ್ ಕಿಂಗ್ ಅವರ ‘ಗ್ಯಾಸೋಲಿನ್ ಆಲಿ’ ಎಂಬ ದಿನಪತ್ರಿಕೆಯ ಚಿತ್ರಪಟ್ಟಿಯಲ್ಲಿ 1921ರಲ್ಲಿ ವಾಲ್ಟ್ ಎಂಬ ಬ್ರಹ್ಮಚಾರಿಯ ಬಾಗಿಲಲ್ಲಿ ಒಂದು ಹಸುಗೂಸು ಸಿಕ್ಕಿತು. ಆ ಕೂಸು ಓದುಗರ ಮಕ್ಕಳ ಜೊತೆಜೊತೆಗೇ ಬೆಳೆದು ದೊಡ್ಡದಾಯಿತು. ಕಿಂಗ್ ಅವರ ಬಗ್ಗೆ ನನಗೆ ಅಪಾರ ಗೌರವ. ಆದರೆ ದಿನಪತ್ರಿಕೆಯ ಪಟ್ಟಿ ದಿನಾ ಬರುತ್ತದೆ. ಮನೆಯ ಮಗುವಿನ ಬೆಳವಣಿಗೆ ಮನೆಯವರಿಗೆ ಕಾಣದ ಹಾಗೆ ಅಲ್ಲಿ ಬದಲಾವಣೆ ಕಣ್ಣಿಗೆ ಬೀಳುವುದಿಲ್ಲ. ‘ಲವ್ ಅಂಡ್ ರಾಕೆಟ್ಸ್’ ಬಿಡುವು ಕೊಟ್ಟು ಕೊಟ್ಟು ಬಂತು. ಆ ಬಿಡುವಿನಲ್ಲಿ ಕಥೆಯೊಳಗೂ ತಿಂಗಳುಗಳು, ಒಮ್ಮೊಮ್ಮೆ ವರ್ಷಗಳು ಸರಿದುಹೋದವು. ಹೊಸ ಸಂಚಿಕೆ ತೆರೆದಾಗ ಓದುಗ ಗುರುತು ಹಿಡಿಯಲೇಬೇಕಾಯಿತು.

ಹೈಮೆಯ ಮ್ಯಾಗಿಯನ್ನೇ ನೋಡಿ. ಮೊದಮೊದಲ ‘ಮೆಕ್ಯಾನಿಕ್ಸ್’ ಕಥೆಯಲ್ಲಿ ಅವಳು ರಾಕೆಟ್ ದುರಸ್ತಿಗೆ ಕಾಡಿಗೆ ಹೋಗುವ ಹುಡುಗಿ. ಅಲ್ಲಿ ಡೈನೊಸಾರ್ ಕೂಡ ಉಂಟು. ಕೆಲವೇ ವರ್ಷಗಳಲ್ಲಿ ರಾಕೆಟ್ಟುಗಳು ಹಿಂದೆ ಸರಿದು ಹಾಪರ್ಸ್ ಎಂಬ ಬಡಾವಣೆ ಮುಂದೆ ಬಂತು. ಗೆಳತಿಯೂ ಆಗಾಗ ಪ್ರೇಯಸಿಯೂ ಆದ ಹೋಪಿ, ಬಾಡಿಗೆ ಕಟ್ಟಲಾಗದ ಕೋಣೆ, ಕೆಲಸವಿಲ್ಲದ ದಿನಗಳು. ಮ್ಯಾಗಿ ದಪ್ಪಗಾದಳು. ಕಾಮಿಕ್ಸ್‌ನ ನಾಯಕಿಯೊಬ್ಬಳು, ನಗೆಪಾತ್ರವಾಗದೆ, ಶಿಕ್ಷೆಯೆಂದಲ್ಲದೆ, ಎಲ್ಲರೂ ದಪ್ಪಗಾಗುವಂತೆ ದಪ್ಪಗಾಗುವುದು ಆಗ ಹೊಸ ಸಂಗತಿ. ಮುಂದೆ ಅವಳು ಅಪಾರ್ಟ್‌ಮೆಂಟ್ ಸಮುಚ್ಚಯವೊಂದರ ಮೇಲ್ವಿಚಾರಕಿಯಾದಳು, ನಲವತ್ತು ದಾಟಿದಳು, ಐವತ್ತನ್ನೂ ಕಂಡಳು. 2019ರಲ್ಲಿ ಪುಸ್ತಕವಾದ ‘ಇಸ್ ದಿಸ್ ಹೌ ಯೂ ಸೀ ಮಿ?’ ಕಥೆಯಲ್ಲಿ ಅವಳೂ ಹೋಪಿಯೂ ಹಳೆಯ ಪಂಕ್ ಗೆಳೆಯರ ಕೂಟಕ್ಕೆಂದು ಹುಟ್ಟೂರಿಗೆ ಮರಳುತ್ತಾರೆ. ಕೂದಲು, ಗಲ್ಲ, ಸೊಂಟ, ಒಂದೂ 1982ರದ್ದಲ್ಲ. ಆದರೂ ಬೆನ್ನು ಮಾತ್ರ ಕಾಣುವ ಚೌಕಟ್ಟಿನಲ್ಲೂ ಅವಳೇ ಇವಳು ಎಂದು ತಿಳಿಯುತ್ತದೆ.

ಹೇಗೆ ತಿಳಿಯುತ್ತದೆ? ಇಲ್ಲಿ ಕಾಮಿಕ್ಸ್ ಕಾದಂಬರಿಗೂ ಸಿನಿಮಾಕ್ಕೂ ಆಗದ್ದನ್ನು ಮಾಡುತ್ತದೆ. ಕಾದಂಬರಿಕಾರನಿಗೆ ಹೆಸರೇ ಆಸರೆ; ಮ್ಯಾಗಿ ಎಂದು ಬರೆದರಾಯಿತು, ಅವಳು ಮ್ಯಾಗಿಯೇ. ಸಿನಿಮಾದಲ್ಲಿ ನಟಿಯ ದೇಹವೇ ಹೊಣೆ ಹೊರುತ್ತದೆ. ಚಿತ್ರ ಬರೆಯುವವನಿಗೆ ಈ ಎರಡು ಆಸರೆಯೂ ಇಲ್ಲ. ಪ್ರತಿ ಚೌಕಟ್ಟಿನಲ್ಲೂ ಅವಳನ್ನು ಬಿಳಿ ಹಾಳೆಯಿಂದ ಮತ್ತೆ ಹುಟ್ಟಿಸಬೇಕು. ಒಂದು ಚೌಕಟ್ಟಿನ ಮ್ಯಾಗಿಗೂ ಮುಂದಿನದರ ಮ್ಯಾಗಿಗೂ ನಡುವೆ ಇರುವುದು ಬಿಳಿಯ ಸಂದು ಮಾತ್ರ. ಬೌದ್ಧರು ಹೇಳಿದ ಕ್ಷಣಿಕತೆ ಈ ಕಲೆಯ ಮೈಯಲ್ಲೇ ಇದೆ. ಬೂದು ಛಾಯೆಯ ನೆರವಿಲ್ಲದೆ ಅಚ್ಚ ಕಪ್ಪು ಬಿಳುಪಿನಲ್ಲಿ, ಅಳೆದು ತೂಗಿದ ಕೆಲವೇ ಗೆರೆಗಳಲ್ಲಿ ಹೈಮೆ ಉಳಿಸಿಕೊಂಡದ್ದು ಮುಖಲಕ್ಷಣವನ್ನಲ್ಲ, ನಿಲುವನ್ನು. ಮುಜುಗರವಾದಾಗ ಹೆಗಲು ಕುಗ್ಗುವ ರೀತಿ, ಸಿಟ್ಟು ಬಂದಾಗ ದೇಹದ ಭಾರ ಒಂದು ಕಾಲಿಗೆ ಬೀಳುವ ರೀತಿ. ಒಬ್ಬ ವ್ಯಕ್ತಿಯಲ್ಲಿ ಉಳಿದುಬರುವುದು ಯಾವುದೋ ಒಳಗಿನ ಗಟ್ಟಿ ಪದಾರ್ಥವಲ್ಲ, ಲೋಕಕ್ಕೆ ಮೈಯೊಡ್ಡುವ ರೀತಿ ಎಂದು ಈ ಪುಟಗಳು ನನ್ನನ್ನು ಒಪ್ಪಿಸಿವೆ. ನೈಯಾಯಿಕರಿಗೆ ಇದು ಸಾಲದು, ಬೌದ್ಧರಿಗೆ ಇದು ಹೆಚ್ಚಾಯಿತು. ನನಗೆ ಇವರಿಬ್ಬರ ನಡುವಿನ ಈ ಜಾಗವೇ ಸತ್ಯಕ್ಕೆ ಹತ್ತಿರ ಅನಿಸುತ್ತದೆ.

ಸಂದಿನ ಶಕ್ತಿ ಏನೆಂಬುದು ‘ದಿ ಡೆತ್ ಆಫ್ ಸ್ಪೀಡಿ’ಯಲ್ಲಿ ಗೊತ್ತಾಗುತ್ತದೆ. ಸ್ಪೀಡಿ ಎಂಬ ಹುಡುಗ ಬಡಾವಣೆಗಳ ಗುಂಪು ಜಗಳದ ನಡುವೆ ಸಾಯುತ್ತಾನೆ ಎಂಬುದು ಹೆಸರಿನಲ್ಲೇ ಇದೆ. ಆದರೆ ಸಾವನ್ನು ಹೈಮೆ ತೋರಿಸುವುದಿಲ್ಲ. ಎರಡು ಚೌಕಟ್ಟುಗಳ ನಡುವೆ ಅದು ಆಗಿಹೋಗುತ್ತದೆ. ಕಡೆಯ ಪುಟ ಕೆಲವು ವರ್ಷ ಹಿಂದಕ್ಕೆ ಜಿಗಿದು, ಎಲ್ಲರೂ ಬದುಕಿದ್ದ ಒಂದು ದಿನಕ್ಕೆ ಹೋಗುತ್ತದೆ. ಸೂಪರ್‌ಹೀರೋಗಳ ಲೋಕದಲ್ಲಿ ಸತ್ತವರು ಮಾರುಕಟ್ಟೆಗೆ ಬೇಕಾದಾಗ ಎದ್ದು ಬರುತ್ತಾರೆ. ಸ್ಪೀಡಿ ಬರಲಿಲ್ಲ.

ಗಿಲ್ಬರ್ಟ್‌ನ ದಾರಿ ಬೇರೆ. ಲ್ಯಾಟಿನ್ ಅಮೆರಿಕದ ಎಲ್ಲೋ ಇರುವ ಪಾಲೊಮಾರ್ ಎಂಬ ಕಲ್ಪಿತ ಊರು ಅವನದು. ಅಲ್ಲಿಗೆ ಬಂದು ಸ್ನಾನದ ಮನೆ ನಡೆಸುವ ಲೂಬಾ, ಊರಿನ ಪೊಲೀಸ್ ಅಧಿಕಾರಿಯಾಗುವ ಸೂಲಗಿತ್ತಿ ಚೆಲೊ, ಕರಿದ ಚಿಪ್ಪಿಲ್ಲದ ಬಸವನಹುಳು ಮಾರುವ ಟೊನಾಂಟ್ಸಿನ್. ಅವನು ಒಬ್ಬರ ವಯಸ್ಸಿಗಿಂತ ಒಂದು ಊರಿನ ವಯಸ್ಸನ್ನು ಚಿತ್ರಿಸಿದ. ‘ಹ್ಯೂಮನ್ ಡಯಾಸ್ಟ್ರಾಫಿಸಂ’ ಕಥೆಯಲ್ಲಿ ಊರೊಳಗೊಬ್ಬ ಕೊಲೆಗಾರ ಸೇರಿಕೊಂಡಿದ್ದಾನೆ. ಉಂಬೆರ್ಟೊ ಎಂಬ ಎಳೆಯ ಚಿತ್ರಕಾರ ಅವನನ್ನು ಕಣ್ಣಾರೆ ಕಂಡಿದ್ದಾನೆ, ಚಿತ್ರವನ್ನೂ ಬರೆಯುತ್ತಾನೆ, ಬಾಯಿ ಮಾತ್ರ ಬಿಡುವುದಿಲ್ಲ. ಗುರುತು ಹಿಡಿದ ಮೇಲೆ ಸುಮ್ಮನಿರುವುದು ಎಂಥ ಅಪರಾಧ ಎಂಬುದನ್ನು ಇಷ್ಟು ನಿಷ್ಠುರವಾಗಿ ತನ್ನ ಕಸುಬಿನ ಮೇಲೇ ತಿರುಗಿಸಿಕೊಂಡ ಇನ್ನೊಬ್ಬ ಚಿತ್ರಕಾರನನ್ನು ನಾನು ಕಾಣೆ. ‘ಅವನೇ ಇವನು’ ಎಂಬ ಅರಿವು ಬರೀ ಜ್ಞಾನವಲ್ಲ, ಒಂದು ಋಣ. ದರ್ಶನಗಳ ಚರ್ಚೆಯಲ್ಲಿ ದೇವದತ್ತನನ್ನು ಗುರುತು ಹಿಡಿದವನು ಅವನಿಗೇನು ಕೊಡಬೇಕು ಎಂಬ ಪ್ರಶ್ನೆ ಏಳಲಿಲ್ಲ. ಪಾಲೊಮಾರಿನಲ್ಲಿ ಏಳುತ್ತದೆ.

ಹಾಗಾದರೆ ದೀರ್ಘಕಾಲದ ಪರಿಚಯ ಪೂರ್ಣ ಪರಿಚಯವೇ? ನನ್ನ ವಾದವನ್ನು ಎಲ್ಲಕ್ಕಿಂತ ಬಲವಾಗಿ ಅಲುಗಾಡಿಸಿದ್ದು 2010ರಲ್ಲಿ ಹೈಮೆ ಬರೆದ ‘ಬ್ರೌನ್‌ಟೌನ್’. ಅದು ಮ್ಯಾಗಿಯ ಬಾಲ್ಯದ ಕಥೆ. ಅಷ್ಟು ಹೊತ್ತಿಗೆ ಓದುಗರಿಗೆ ಅವಳು ಮೂರು ದಶಕದ ಹತ್ತಿರದ ಪರಿಚಿತೆ. ಆ ಬಾಲ್ಯದಲ್ಲಿ ಅವಳ ತಮ್ಮ ಕ್ಯಾಲ್ವಿನ್ ದೊಡ್ಡ ಹುಡುಗನೊಬ್ಬನ ಲೈಂಗಿಕ ಹಿಂಸೆಯನ್ನು ಸದ್ದಿಲ್ಲದೆ ಸಹಿಸುತ್ತಿದ್ದ ಎಂಬುದು ಆಗ ತಿಳಿಯುತ್ತದೆ. ಓದುಗರಿಗೆ ತಿಳಿಯುತ್ತದೆ, ಮ್ಯಾಗಿಗಲ್ಲ. ಅದರ ಜೊತೆಗೇ ಹೆಣೆದುಕೊಂಡಿರುವ ‘ದಿ ಲವ್ ಬಂಗ್ಲರ್ಸ್’ನಲ್ಲಿ ನೆಲೆತಪ್ಪಿದ ದೊಡ್ಡವನಾಗಿ ಕ್ಯಾಲ್ವಿನ್ ಮರಳುತ್ತಾನೆ. ಮ್ಯಾಗಿಯನ್ನು ವರ್ಷಗಳಿಂದ ಪ್ರೀತಿಸಿದ ರೇ ಅವನ ಕೈಯಿಂದ ತೀವ್ರ ಪೆಟ್ಟು ತಿನ್ನುತ್ತಾನೆ. ಅವಳ ಪಾಲಿಗೆ ಅದು ಎಲ್ಲಿಂದಲೋ ಬಂದೆರಗಿದ ಅನಾಹುತ. ನಮ್ಮ ಪಾಲಿಗೆ ಅದಕ್ಕೆ ಒಂದು ಬಾಲ್ಯವಿದೆ. ಈ ಕಥೆ ಓದಿದ ಮೇಲೆ ಹಳೆಯ ಸಂಚಿಕೆಗಳೇ ಬದಲಾದವು. ಅವುಗಳ ಸಂದುಗಳಲ್ಲಿ ಏನಿತ್ತು ಎಂದು ನಾವು ಕೇಳಿಯೇ ಇರಲಿಲ್ಲ. ಪ್ರತ್ಯಭಿಜ್ಞೆ ವ್ಯಕ್ತಿಯನ್ನು ಹಿಡಿಯಬಲ್ಲದು, ಅವರು ದಾಟಿ ಬಂದದ್ದನ್ನೆಲ್ಲ ಹಿಡಿಯಲಾರದು. ಈ ತಿದ್ದುಪಡಿಯನ್ನು ನಾನು ಒಪ್ಪಿಕೊಂಡಿದ್ದೇನೆ, ಮತ್ತು ಇದನ್ನು ಒಂದು ಕಥೆಯೊಳಗೆ ಸಾಧಿಸಲು ಮೂವತ್ತು ವರ್ಷಗಳ ನಿಜವಾದ ಕಾಲವೇ ಬೇಕಿತ್ತು ಎಂದೂ ನಂಬಿದ್ದೇನೆ.

ಅದೇ ಕಥೆಯ ಕೊನೆಯ ಕಡೆ ಎದುರುಬದುರು ಎರಡು ಪುಟಗಳಿವೆ. ಒಂದರಲ್ಲಿ ಮ್ಯಾಗಿ, ಇನ್ನೊಂದರಲ್ಲಿ ರೇ, ಬೇರೆ ಬೇರೆ ವಯಸ್ಸಿನ ಚೌಕಟ್ಟುಗಳಲ್ಲಿ ಒಬ್ಬರನ್ನೊಬ್ಬರು ನೋಡುತ್ತಿರುವಂತೆ. ಮೊದಲ ಸಲ ಈ ಸರಣಿಯನ್ನು ಕೈಗೆತ್ತಿಕೊಂಡವರಿಗೆ ಅವು ಚಂದದ ಚಿತ್ರಗಳು. ಹಿಂದಿನದೆಲ್ಲ ಓದಿದವರಿಗೆ ಒಂದೊಂದೂ ಒಂದು ಕಾಲದ ಬಾಗಿಲು ತೆರೆಯುತ್ತದೆ.

ಇಂದು ಈ ಕಥೆಗಳೆಲ್ಲ ಸಂಪುಟಗಳಾಗಿ ಸಿಗುತ್ತವೆ. ನಾಲ್ಕು ದಶಕವನ್ನು ಹದಿನೈದು ದಿನದಲ್ಲಿ ಓದಿ ಮುಗಿಸಬಹುದು. ಹಾಗೆ ಓದಿದವರಿಗೆ ನಾನು ಹೇಳುವ ಕಾಲದ ಅನುಭವ ದಕ್ಕುತ್ತದೆಯೇ ಎಂಬ ಆಕ್ಷೇಪ ನ್ಯಾಯವಾದದ್ದು. ಅರ್ಧ ದಕ್ಕುತ್ತದೆ. ಗೆರೆಗಳಲ್ಲಿ ಇಳಿದಿರುವ ವಯಸ್ಸು ಎಲ್ಲಿಗೂ ಹೋಗುವುದಿಲ್ಲ. ಆದರೆ ಗುರುತು ಹಿಡಿಯಬೇಕಾದರೆ ನಡುವೆ ಒಂದಿಷ್ಟು ಮರೆತಿರಬೇಕು. ಮನಸ್ಸಿನಲ್ಲಿ ಎಡೆಬಿಡದೆ ಇದ್ದವರನ್ನು ಯಾರೂ ಮತ್ತೆ ಗುರುತು ಹಿಡಿಯುವುದಿಲ್ಲ. ಅದಕ್ಕೇ ಹೊಸ ಓದುಗರು ಕೇಳಿದಾಗ ನಾನು ಹೇಳುವುದು ಇಷ್ಟು. ರಾಕೆಟ್ಟಿನ ಕಥೆಗಳಿಂದ ಶುರು ಮಾಡಬೇಕೆಂದೇನೂ ಇಲ್ಲ, ‘ದಿ ಡೆತ್ ಆಫ್ ಸ್ಪೀಡಿ’ ಇರುವ ಸಂಪುಟ ತೆಗೆದುಕೊಳ್ಳಿ. ಅದನ್ನು ಮುಗಿಸಿ ಆರು ತಿಂಗಳು ಬೇರೇನಾದರೂ ಓದಿ. ಆಮೇಲೆ ಮುಂದಿನ ಸಂಪುಟ ತೆರೆಯಿರಿ.