ಮನೆ ಬದಲಾದಾಗ ಒಯ್ಯುವುದೇನು?

ನಂಬಿದ ತಂಡ ಕೈಬಿಟ್ಟು ಹೋದರೆ ಅಭಿಮಾನಿಗೆ ಸಾಮಾನ್ಯವಾಗಿ ಎರಡೇ ದಾರಿ. ಹಳೆಯದನ್ನು ನೆನೆದು ಗೊಣಗುತ್ತಾ ಕೂರುವುದು ಒಂದು. ಗೆಲ್ಲುವ ಇನ್ನೊಂದು ತಂಡದ ಬಣ್ಣದ ಅಂಗಿ ತೊಡುವುದು ಮತ್ತೊಂದು. 2002ರ ಬೇಸಿಗೆಯಲ್ಲಿ ಲಂಡನ್ನಿನ ನೈರುತ್ಯ ಭಾಗದ ವಿಂಬಲ್ಡನ್‌ನ ಜನ ಈ ಎರಡನ್ನೂ ಬಿಟ್ಟು ಮೂರನೆಯ ದಾರಿ ಹಿಡಿದರು. ತಂಡವನ್ನು ತಾವೇ ಹೊಸದಾಗಿ ಕಟ್ಟಿದರು.

ವಿಂಬಲ್ಡನ್ ಎಂದರೆ ನಮಗೆ ಟೆನಿಸ್. ಆ ಊರಿನವರಿಗೆ ಅದು ಫುಟ್‌ಬಾಲ್ ಕೂಡ. 1889ರಲ್ಲಿ ಹುಟ್ಟಿದ ಅವರ ಕ್ಲಬ್ 1988ರ ಎಫ್‌ಎ ಕಪ್ ಫೈನಲ್‌ನಲ್ಲಿ ಘಟಾನುಘಟಿ ಲಿವರ್‌ಪೂಲನ್ನು 1-0ರಿಂದ ಮಣಿಸಿತ್ತು. ಆದರೆ ಮೂರೇ ವರ್ಷದಲ್ಲಿ ಅದು ಪ್ಲೌ ಲೇನ್‌ನ ತನ್ನ ಮೈದಾನ ಬಿಟ್ಟು, ಕ್ರಿಸ್ಟಲ್ ಪ್ಯಾಲೇಸ್‌ನವರ ಮೈದಾನದಲ್ಲಿ ಬಿಡಾರ ಹೂಡಬೇಕಾಯಿತು. ಕೊನೆಗೆ ಮಾಲೀಕರು ಕ್ಲಬ್ಬನ್ನೇ ಸುಮಾರು 90 ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸ್ ನಗರಕ್ಕೆ ಸಾಗಿಸಲು ಹೊರಟರು. 2002ರ ಮೇ 28ರಂದು ಮೂವರ ಆಯೋಗವೊಂದು ಎರಡು-ಒಂದರ ಬಹುಮತದಿಂದ ಅದಕ್ಕೆ ಒಪ್ಪಿಗೆಯನ್ನೂ ಕೊಟ್ಟಿತು. ಅಭಿಮಾನಿಗಳು ಬೇರೆ ಕ್ಲಬ್ ಕಟ್ಟಿಕೊಳ್ಳುವುದು ಫುಟ್‌ಬಾಲಿನ ಒಟ್ಟು ಹಿತಕ್ಕೆ ತಕ್ಕದ್ದಲ್ಲ ಎಂಬರ್ಥದ ಮಾತೂ ಆ ತೀರ್ಪಿನಲ್ಲಿತ್ತು.

ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು. ಆಟಗಾರರು, ಲೀಗಿನ ಸ್ಥಾನ, ಒಪ್ಪಂದಗಳು, ಎಲ್ಲವೂ ಮಾಲೀಕರವೇ. ಅಭಿಮಾನಿಗಳ ಪಾಲಿಗೆ ಉಳಿದದ್ದು ನೆನಪು ಮಾತ್ರ. ನೆನಪಿಗೆ ಯಾವ ನ್ಯಾಯಾಲಯದಲ್ಲೂ ದಾಖಲೆಪತ್ರವಿಲ್ಲ.

ಆದರೂ ಒಂದೇ ತಿಂಗಳಲ್ಲಿ ಅವರು ವಿಂಬಲ್ಡನ್ ಕಾಮನ್ ಎಂಬ ಸಾರ್ವಜನಿಕ ಬಯಲಿನಲ್ಲಿ ಆಟಗಾರರ ಆಯ್ಕೆ ನಡೆಸಿದರು. ಆಡಬಲ್ಲೆ ಎನ್ನುವ ಯಾರು ಬೇಕಾದರೂ ಬೂಟು ಹಿಡಿದು ಬರಬಹುದಿತ್ತು; ಇನ್ನೂರಕ್ಕೂ ಹೆಚ್ಚು ಜನ ಬಂದರು. ಜುಲೈ 10ರಂದು ಸಟನ್ ಯುನೈಟೆಡ್ ಎದುರು ಎಎಫ್‌ಸಿ ವಿಂಬಲ್ಡನ್ ಎಂಬ ಈ ಹೊಸ ಕ್ಲಬ್ಬಿನ ಮೊದಲ ಸೌಹಾರ್ದ ಪಂದ್ಯ. ಫಲಿತಾಂಶ 4-0 ಸೋಲು. ಅದನ್ನು ನೋಡಲು ಬಂದವರು 4,657 ಮಂದಿ. ನಾಲ್ಕು ಗೋಲು ತಿಂದ ತಂಡದವರೇ ಆ ಸಂಜೆ ಸಂಭ್ರಮಿಸಿದರು. ಗೆಲುವೇ ಅಭಿಮಾನದ ಬೇರಾಗಿದ್ದರೆ ಅವರು ಅಲ್ಲಿಗೆ ಬರುತ್ತಲೇ ಇರಲಿಲ್ಲ.

ಇಂಗ್ಲಿಷ್ ಫುಟ್‌ಬಾಲಿನ ಒಂಬತ್ತನೆಯ ಮೆಟ್ಟಿಲಿನಿಂದ ಅವರು ಆಟ ಶುರುಮಾಡಿದರು. ಮಧ್ಯೆ ಸತತ 78 ಲೀಗ್ ಪಂದ್ಯಗಳಲ್ಲಿ ಸೋಲನ್ನೇ ಕಾಣಲಿಲ್ಲ. ಒಂಬತ್ತು ವರ್ಷಗಳಲ್ಲಿ ಐದು ಬಡ್ತಿ ಪಡೆದು 2011ರಲ್ಲಿ ಫುಟ್‌ಬಾಲ್ ಲೀಗ್ ಸೇರಿದರು. ಅಂಕಿಅಂಶ ಪ್ರಿಯರಿಗೆ ಇದೇ ಕಥೆ. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಡಾನ್ಸ್ ಟ್ರಸ್ಟ್. ಕ್ಲಬ್ಬಿನ ಬಹುಪಾಲು ಒಡೆತನ ಅಭಿಮಾನಿಗಳದೇ ಆದ ಈ ಸಂಸ್ಥೆಯ ಕೈಯಲ್ಲಿದೆ; ಸದಸ್ಯನೊಬ್ಬನಿಗೆ ಒಂದೇ ಮತ. ಹಣ ಹೆಚ್ಚು ಕೊಟ್ಟವನ ಕೈ ಇಲ್ಲಿ ಮೇಲಾಗುವಂತಿಲ್ಲ. ಹೊಸ ಕ್ರೀಡಾಂಗಣಕ್ಕೆ ಹಣ ಸಾಲದೆ ಹೊರಗಿನ ಹೂಡಿಕೆದಾರರನ್ನು ತರುವ ಮಾತು ಬಂದಾಗ, ಅಭಿಮಾನಿಗಳು ತಾವೇ ಬಾಂಡ್ ಕೊಂಡು 50 ಲಕ್ಷ ಪೌಂಡ್‌ಗೂ ಮಿಕ್ಕಿ ಹಣ ಕೂಡಿಸಿದರು. ಬಡ್ಡಿ ಎಷ್ಟು ಬೇಕೆಂದು ಒಂದು ಮಿತಿಯೊಳಗೆ ಸಾಲ ಕೊಟ್ಟವರೇ ಹೇಳಬಹುದಿತ್ತು; ಬಡ್ಡಿಯೇ ಬೇಡವೆನ್ನಲೂ ಅವಕಾಶವಿತ್ತು. "ನಮ್ಮ ಕ್ಲಬ್" ಎಂದು ಕೂಗುವುದಕ್ಕೂ ಅದರ ಸಾಲಕ್ಕೆ ಹೆಗಲು ಕೊಡುವುದಕ್ಕೂ ಇರುವ ಅಂತರ ಇದು.

ಹಾಗೆಂದು ಇದನ್ನು ಒಳ್ಳೆಯವರು, ಕೆಟ್ಟವರ ಕಥೆಯನ್ನಾಗಿ ಮಾಡಿಬಿಟ್ಟರೆ ಕಲಿಯುವುದು ಕಡಿಮೆಯಾಗುತ್ತದೆ. ನೆಲೆ ಕಳೆದುಕೊಂಡ ಈ ಜನಕ್ಕೆ ಆಸರೆ ಕೊಟ್ಟದ್ದು ಪಕ್ಕದ ಕಿಂಗ್‌ಸ್ಟನ್ನಿನ ಕಿಂಗ್ಸ್‌ಮೆಡೋ ಮೈದಾನ. ಅದು 1989ರಿಂದಲೂ ಕಿಂಗ್‌ಸ್ಟೋನಿಯನ್ ಎಂಬ ಹಳೆಯ ಕ್ಲಬ್ಬಿನ ಮನೆ. ಆ ಕ್ಲಬ್ ಹಣದ ಮುಗ್ಗಟ್ಟಿನಲ್ಲಿ ಮೈದಾನದ ಮೇಲಿನ ಹಿಡಿತ ಕಳೆದುಕೊಂಡಿತ್ತು. 2003ರಲ್ಲಿ ಮೈದಾನ ವಿಂಬಲ್ಡನ್‌ನವರ ಕೈಗೆ ಬಂತು, ಕಿಂಗ್‌ಸ್ಟೋನಿಯನ್ ಬಾಡಿಗೆದಾರನಾಯಿತು. ಮುಂದೆ ವಿಂಬಲ್ಡನ್‌ನವರು ತಮ್ಮೂರಿಗೆ ಮರಳುವ ಖರ್ಚಿಗೆಂದು ಮೈದಾನವನ್ನು ಶ್ರೀಮಂತ ಚೆಲ್ಸಿಗೆ ಮಾರಿದರು. 2017ರಲ್ಲಿ ಕಿಂಗ್‌ಸ್ಟೋನಿಯನ್ ಗಂಟುಮೂಟೆ ಕಟ್ಟಿಕೊಂಡು ಬೇರೆಯವರ ಮೈದಾನಕ್ಕೆ ಹೋಯಿತು. ತಾವು ಉಂಡ ನೋವನ್ನೇ ಮತ್ತೊಬ್ಬರಿಗೆ ಬಡಿಸಬೇಕೆಂಬ ಉದ್ದೇಶ ಯಾರಿಗೂ ಇರಲಿಲ್ಲ. ಆದರೂ ಹಾಗೆಯೇ ಆಯಿತು. ಅನ್ಯಾಯ ಉಂಡವನು ಇನ್ನೊಬ್ಬರಿಗೆ ಅನ್ಯಾಯ ಮಾಡಲಾರ ಎಂಬುದು ನಾವು ನಮಗೇ ಹೇಳಿಕೊಳ್ಳುವ ಸಮಾಧಾನ.

ಇನ್ನು ಮಿಲ್ಟನ್ ಕೀನ್ಸ್‌ನ ಮಕ್ಕಳು. ಅಲ್ಲಿಗೆ ಹೋದ ಕ್ಲಬ್ 2004ರಲ್ಲಿ ಎಂಕೆ ಡಾನ್ಸ್ ಎಂದು ಹೆಸರು ಬದಲಿಸಿಕೊಂಡಿತು. ಅಪ್ಪನ ಕೈ ಹಿಡಿದು ಮೊದಲ ಬಾರಿ ಆ ಕ್ರೀಡಾಂಗಣಕ್ಕೆ ಹೋದ ಮಗುವಿಗೆ ಆಯೋಗವೂ ಗೊತ್ತಿಲ್ಲ, ಪ್ಲೌ ಲೇನೂ ಗೊತ್ತಿಲ್ಲ. ಅದರ ಪ್ರೀತಿ ಕಡಿಮೆ ಶುದ್ಧವೇ? 2007ರಲ್ಲಿ ಎಂಕೆ ಡಾನ್ಸ್ ಹಳೆಯ ಕ್ಲಬ್ಬಿನ ಟ್ರೋಫಿಗಳನ್ನು ವಿಂಬಲ್ಡನ್ ಇರುವ ಮರ್ಟನ್ ಪ್ರದೇಶದ ಸ್ಥಳೀಯಾಡಳಿತಕ್ಕೆ ಒಪ್ಪಿಸಿ, ಆ ಇತಿಹಾಸ ತನ್ನದಲ್ಲವೆಂದು ಒಪ್ಪಿಕೊಂಡಿತು. ಎರಡು ಊರುಗಳ ನಡುವಿನ ಕಹಿ ಅದರಿಂದ ಇಳಿಯಲಿಲ್ಲ. ಆದರೂ ತನ್ನದಲ್ಲದ್ದನ್ನು ತಿರುಗಿ ಕೊಡುವುದು ಸಣ್ಣ ಮಾತಲ್ಲ.

2020ರ ನವೆಂಬರ್ 3ರಂದು ಎಎಫ್‌ಸಿ ವಿಂಬಲ್ಡನ್ ಪ್ಲೌ ಲೇನ್‌ಗೆ ಮರಳಿತು. ಹಳೆಯ ಮೈದಾನದ ಜಾಗದಲ್ಲಿ ಅಷ್ಟರೊಳಗೆ ಫ್ಲ್ಯಾಟುಗಳೆದ್ದಿದ್ದವು; ಹೊಸದು ಅಲ್ಲಿಂದ ಕೂಗಳತೆಯ ದೂರದಲ್ಲಿತ್ತು. ಕೋವಿಡ್ ಕಾರಣಕ್ಕೆ ಆ ಸಂಜೆ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಕಾದವರು ಹೊರಗೇ ಉಳಿದರು. ಆದರೆ ಅದೇ ಲಾಕ್‌ಡೌನ್ ದಿನಗಳಲ್ಲಿ ಇದೇ ಜನ ಸ್ವಯಂಸೇವಕರ ಪಡೆ ಕಟ್ಟಿ, ಸುತ್ತಲಿನ ಕಷ್ಟದಲ್ಲಿರುವ ಮನೆಗಳಿಗೆ ದಿನಸಿ ತಲುಪಿಸುತ್ತಿದ್ದರು. ಗ್ಯಾಲರಿ ಖಾಲಿಯಿದ್ದಾಗಲೂ ಬಳಗಕ್ಕೆ ಕೆಲಸವಿತ್ತು.

ನಮ್ಮಲ್ಲಿಯೂ ಇದರ ಇನ್ನೊಂದು ಮುಖ ಕಾಣಸಿಗುತ್ತದೆ. 2009ರ ಐಪಿಎಲ್ ಫೈನಲ್‌ನಲ್ಲಿ ಅನಿಲ್ ಕುಂಬ್ಳೆ ನಾಯಕತ್ವದ ಬೆಂಗಳೂರು ತಂಡವನ್ನು 6 ರನ್ನುಗಳಿಂದ ಸೋಲಿಸಿ ಕಪ್ಪು ಒಯ್ದ ಡೆಕ್ಕನ್ ಚಾರ್ಜರ್ಸ್ 2012ರಲ್ಲಿ ಇಲ್ಲವಾಯಿತು. ಹೈದರಾಬಾದಿಗೆ ಬೇರೆ ಮಾಲೀಕರ ಬೇರೆ ತಂಡ ಬಂತು. ಹಳೆಯ ತಂಡಕ್ಕಾಗಿ ಗಂಟಲು ಹರಿದುಕೊಂಡವರ ಅಭಿಪ್ರಾಯ ಕೇಳಬೇಕೆಂದು ಯಾರಿಗೂ ಅನಿಸಲಿಲ್ಲ, ಏಕೆಂದರೆ ಅವರಿಗೆ ಅಲ್ಲಿ ಮತವೇ ಇರಲಿಲ್ಲ.

ಅಭಿಮಾನ ಎಲ್ಲರಿಗೂ ಸುಲಭ. ಟಿಕೆಟ್ ಕೊಂಡರೆ, ಧ್ವಜ ಬೀಸಿದರೆ ಸಾಕು. ಹೊಣೆ ಹೊರುವವರು ಬೆರಳೆಣಿಕೆಯಷ್ಟು. ನಿಮ್ಮ ಊರಿನ ಯುವಕ ಸಂಘವೋ ಕಬಡ್ಡಿ ತಂಡವೋ ನಾಳೆ ಹೊಸ ಜಾಗಕ್ಕೆ, ಹೊಸ ವ್ಯವಸ್ಥೆಗೆ ಹೋಗಬೇಕಾಗಿ ಬಂದರೆ ಹೆಸರಿನ ಫಲಕಕ್ಕಾಗಿ ಜಗಳವಾಡುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಬೆಳಗ್ಗೆ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವವರು ಯಾರು? ನಾವು ಹೋಗುವ ಜಾಗದಲ್ಲಿ ಈಗಾಗಲೇ ಇರುವವರ ಗತಿಯೇನು? ಈ ಎರಡಕ್ಕೂ ನಿಮ್ಮಲ್ಲಿ ಉತ್ತರವಿದ್ದರೆ ಧೈರ್ಯವಾಗಿ ಹೊರಡಿ.