ಸೆಸ್ಸು ಕೊಟ್ಟವನ ಪಾಲು

ತಾನೇ ಮಾಡಿದ್ದು, ಅನ್ಯರಿಂದ ಮಾಡಿಸಿದ್ದು, ಮಾಡಿದವರನ್ನು ಒಪ್ಪಿದ್ದು ಎಂಬ ಮೂರನ್ನೂ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಆಸ್ರವದ ವಿಚಾರದಲ್ಲಿ ಎಣಿಸುತ್ತದೆ. ಬೇಸಾಯವನ್ನು ಉದ್ಯಮೀ ಹಿಂಸೆಯೆಂದು ಗುರುತಿಸಿ, ಗೃಹಸ್ಥನಿಗೆ ಅನಿವಾರ್ಯವೆಂದು ಸಮಾಧಾನಪಡುವ ಶ್ರಾವಕನು ಪ್ರಾಯಶಃ ಮೊದಲನೆಯದಾದ ಕೃತವನ್ನಷ್ಟೇ ನೋಡುತ್ತಾನೆ. ಬೆಳೆಗಾರರ ಹಣದಿಂದ ನಡೆಯುವ ಸಂಶೋಧನೆಯಾದರೋ ಕಾರಿತಕ್ಕೆ ಸೇರಿದ್ದು.

ಮಲೆನಾಡಿಗೆ ಈ ಪ್ರಶ್ನೆ ಹೊಸತಲ್ಲ. ಕಾಫಿಯ ಎಲೆತುಕ್ಕು ರೋಗದ ಅಧ್ಯಯನಕ್ಕೆಂದು 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕ ಘಟಕವೊಂದು ಆರಂಭವಾಯಿತು. 1925ರಲ್ಲಿ ನರಸಿಂಹರಾಜಪುರ ತಾಲ್ಲೂಕಿನ ಬಾಳೆಹೊನ್ನೂರಿನಲ್ಲಿ ಮೈಸೂರು ಸರ್ಕಾರವು ಪ್ರಯೋಗ ಕೇಂದ್ರವನ್ನು ಸ್ಥಾಪಿಸಿತು. 1935ರ ಕಾಯಿದೆಯು ರಫ್ತಾಗುವ ಕಾಫಿಯ ಮೇಲೆ ಸೆಸ್ಸು ವಿಧಿಸಿತು. 1942ರ ಕಾಯಿದೆಯ ತರುವಾಯ ಕೇಂದ್ರವು ಕಾಫಿ ಮಂಡಳಿಯ ಆಡಳಿತಕ್ಕೆ ಬಂದಿತು. ಹೀಗೆ ಬೆಳೆಗಾರನ ಹಣವು ಅವನ ಅರಿವಿಗೆ ಬಂದೋ ಬಾರದೆಯೋ ಪ್ರಯೋಗಶಾಲೆಯನ್ನು ಸೇರುವ ದಾರಿ ತೆರೆಯಿತು.

ಕಾನೂನಿನಿಂದ ವಸೂಲಾದುದರಲ್ಲಿ ಕೊಟ್ಟವನ ಸಂಕಲ್ಪವೇ ಇಲ್ಲ, ಆದುದರಿಂದ ಅದು ದಾನವೂ ಅಲ್ಲ, ದೋಷವೂ ಅಲ್ಲ ಎಂದು ವಾದಿಸಬಹುದು. ಈ ವಾದದಲ್ಲಿ ಅರ್ಧ ಸತ್ಯವಿದೆ. ಬಲವಂತವಿರುವುದು ಹಣ ಕೊಡುವುದರಲ್ಲಿ ಮಾತ್ರ. ಆ ಹಣದಿಂದ ಯಾವ ಪ್ರಶ್ನೆಯನ್ನು ಶೋಧಿಸಬೇಕೆಂದು ಕೇಳದೆ ಸುಮ್ಮನಿರುವುದಕ್ಕೆ ಯಾರ ಬಲವಂತವೂ ಇಲ್ಲ. ಫಲ ಬಂದಾಗ ಅದನ್ನು ತೋಟಕ್ಕೆ ತಂದುಕೊಳ್ಳುವವನಿಗೆ ಅನುಮೋದನೆಯೂ ಅಂಟುತ್ತದೆ.

ಪ್ರಶ್ನೆಯ ಆಯ್ಕೆಯಲ್ಲೇ ಹಿಂಸೆಯ ಪ್ರಮಾಣವು ಬಹುಮಟ್ಟಿಗೆ ನಿರ್ಣಯವಾಗುತ್ತದೆ. ತುಕ್ಕಿಗೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದು ಒಂದು ದಾರಿ; ತುಕ್ಕನ್ನು ತಾಳುವ ತಳಿಯನ್ನು ಹುಡುಕುವುದು ಇನ್ನೊಂದು. ಬಾಳೆಹೊನ್ನೂರಿನ ಎಸ್. 795 ತಳಿಯು ಎರಡನೆಯ ದಾರಿಯ ಫಲ. ಅದರ ಜನಕಗಳಲ್ಲೊಂದಾದ ಕೆಂಟ್ ತಳಿಯನ್ನು ಆರಿಸಿದವನು ವಿಜ್ಞಾನಿಯಲ್ಲ, ಒಬ್ಬ ತೋಟದ ಮಾಲೀಕ. ಅರೇಬಿಕಾ ಗಿಡವನ್ನು ಒಳಗಿನಿಂದ ತಿಂದು ಕೆಡಹುವ ಬಿಳಿ ಕಾಂಡಕೊರಕದ ವಿಷಯ ಇನ್ನೂ ಕಠಿಣ. ಅದು ತ್ರಸಜೀವಿ. ಅದಕ್ಕೆ ಬಹುಕಾಲ ಬಳಸಿದ ಲಿಂಡೇನ್ ಈಗ ನಿಷಿದ್ಧ. ಈ ದುಂಬಿಯು ಬಿಸಿಲು ಬೀಳುವ ಕಾಂಡವನ್ನು ಬಯಸುತ್ತದೆಂದೂ, ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುತ್ತದೆಂದೂ ತಿಳಿದ ಮೇಲೆ, ನೆರಳುಮರಗಳನ್ನು ಉಳಿಸುವುದು, ಸಡಿಲ ತೊಗಟೆಯನ್ನು ಉಜ್ಜುವುದು, ಕಾಂಡಕ್ಕೆ ಸುಣ್ಣದ ನೀರು ಸಿಂಪಡಿಸುವುದು ಉಪಾಯಗಳಾದವು. ಕೊಲ್ಲುವ ಪ್ರಸಂಗವೇ ಬಾರದಂತೆ ತಡೆಯುವ ಜ್ಞಾನವಿದು. ಇದನ್ನು ಶಾಸ್ತ್ರದಾನದ ಪಂಕ್ತಿಯಲ್ಲಿ ಕೂರಿಸಲು ಹಿಂಜರಿಯಬೇಕಾಗಿಲ್ಲ. ಆದರೂ ಹುಳು ಹೊಕ್ಕ ಗಿಡವನ್ನು ಕಿತ್ತು ಸುಡಲೇಬೇಕು. ಅದರೊಳಗಿನ ಮರಿಹುಳುಗಳೂ ಸುಡುತ್ತವೆ. ಸುಡದೆ ಬಿಟ್ಟರೆ ನೆರೆಯ ಬಡ ರೈತನ ತೋಟ ಹಾಳಾಗುತ್ತದೆ. ಇಲ್ಲಿ ಶುದ್ಧ ಕೈಯ ಮಾರ್ಗ ಯಾವುದೂ ಇಲ್ಲ.

ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳ ಅಡಿಕೆ ತೋಟಗಳಲ್ಲಿ ಇಂದು ಇದೇ ಕವಲು ಎದುರಾಗಿದೆ. ಹಳದಿ ಎಲೆ ರೋಗಕ್ಕೆ ಮದ್ದಿಲ್ಲ. ರೋಗಾಣುವನ್ನು ಹೊತ್ತೊಯ್ಯುವ ಜಿಗಿಹುಳುವನ್ನು ಕೊಲ್ಲುವ ವಿಷವನ್ನು ಅರಸಬಹುದು. ಹಳದಿಯಾದ ತೋಟದ ನಡುವೆಯೂ ಹಸಿರಾಗಿ ನಿಂತ ಮರದಿಂದ ತಾಳಿಕೆಯುಳ್ಳ ಸಸಿಯನ್ನು ಬೆಳೆಸಲು ಯತ್ನಿಸಬಹುದು. ಎರಡನೆಯದು ನಿಧಾನ, ಅಡಿಕೆ ಫಲ ಕೊಡಲು ವರ್ಷಗಳು ಬೇಕು, ಅಷ್ಟರಲ್ಲಿ ಸಾಲದ ಕಂತು ಕಾಯುವುದಿಲ್ಲ. ಬಸದಿಗಳ ಆಡಳಿತ ಮಂಡಳಿಗಳಿಗೆ ತೋಟವಿದ್ದಲ್ಲಿ, ಅಂತಹ ಕಾಯುವಿಕೆಯನ್ನು ಒಂದೆರಡು ಎಕರೆಯ ಮಟ್ಟಿಗಾದರೂ ತಾಳುವ ಶಕ್ತಿ ಚಿಕ್ಕ ಹಿಡುವಳಿದಾರನಿಗಿಂತ ಹೆಚ್ಚು. ಆ ಹಸಿರು ಮರ ಎಲ್ಲಿದೆಯೆಂಬುದು ಮೊದಲು ತಿಳಿಯುವುದು ದಿನವೂ ತೋಟದಲ್ಲಿ ಓಡಾಡುವವನಿಗೆ.