ಲಿಪಿಕಾರನ ಊಹೆ

ಮರಾಠರ ಕಾಲದ ಮೋಡಿ ಕಾಗದವನ್ನು ಕನ್ನಡ ಲಿಪಿಗೆ ಇಳಿಸುವವನು ಕಾಗವಾಡದಂಥ ಗಡಿನಾಡಿನಲ್ಲಿ ಒಂದು ತೊಡಕನ್ನು ಬಲ್ಲನು. ಮೋಡಿಯು ಇಕಾರ ಉಕಾರಗಳ ಹ್ರಸ್ವದೀರ್ಘಭೇದವನ್ನು ಸಾಮಾನ್ಯವಾಗಿ ತೋರಿಸುವದಿಲ್ಲ. ಕನ್ನಡದಲ್ಲಿ ತೋರಿಸದೆ ಗತಿಯಿಲ್ಲ. ಮೂಲವು ಹೇಳದ ಮಾತನ್ನು ಲಿಪಿಕಾರನೇ ಹೇಳಬೇಕಾಗುವದು. ಹೊಲದ ಒಡೆತನವು ಒಂದು ಹೆಸರಿನ ಮೇಲೆ ನಿಂತಿರುವಾಗ ಇದು ಅಲ್ಪವಿಷಯವೆ?

ಈ ಕೆಲಸವೀಗ ಗಣಕಯಂತ್ರಕ್ಕೂ ಬಂದಿದೆ. ಹಳೆಯ ‘ನುಡಿ’ ಕಡತಗಳಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿರುವವು. ‘ಧರ್ಮ’ದ ಅರ್ಕಾವೊತ್ತು ಮಕಾರದ ತರುವಾಯ ಬರುವದು. 1991ರಿಂದ ಕನ್ನಡಕ್ಕೆ ಸ್ಥಾನ ಕೊಟ್ಟಿರುವ ಯೂನಿಕೋಡಿನಲ್ಲಿ ರಕಾರವೇ ಮೊದಲು. ಈ ಸ್ಥಾನಪಲ್ಲಟಕ್ಕೆ ನಿಯಮವುಂಟು. ಆದರೆ ಅರ್ಕಾವೊತ್ತಿನ ಬದಲು ಒಂಬತ್ತರ ಅಂಕಿಯನ್ನೇ ಒತ್ತಿ ‘ಧಮ೯’ ಎಂದು ಬರೆದವರೂ ಅನೇಕರು! ಅಲ್ಲಿ ಯಂತ್ರವೂ ಊಹಿಸಬೇಕು.

ಊಹೆಗೂ ಎಡೆಯಿಲ್ಲದಿದ್ದರೆ? ಇಂಗ್ಲಿಷ್ ಅಕ್ಷರಗಳಷ್ಟೇ ಇರುವ ಸಂಕೇತಕ್ಕೆ ಕನ್ನಡವನ್ನು ಇಳಿಸಹೋದರೆ ಅಕ್ಷರಕ್ಕೆ ಸ್ಥಾನವೇ ಇರುವದಿಲ್ಲ. ನಾನಾ ಬಗೆಯ ಗಣಕಗಳಲ್ಲಿ ನಡೆಯುವ ಐಸಿಯು ಎಂಬ ತಂತ್ರಾಂಶಭಂಡಾರವು ಆಗ ಬದಲಿ ಗುರುತೊಂದನ್ನು ಇಡುವದು. ಬೇಡವೆಂದರೆ ಅಕ್ಷರವನ್ನು ಬಿಟ್ಟು ಸಾಗಲೂ, ಅಲ್ಲಿಯೇ ನಿಂತುಬಿಡಲೂ ಅದಕ್ಕೆ ಹೇಳಬಹುದು. ಗುರುತು ಪುಟದ ಅಂದಗೆಡಿಸುವದೆಂದು ದೂರುವವರುಂಟು. ಬಿಟ್ಟುಹೋದ ಅಕ್ಷರವಾದರೋ ಪುಟವನ್ನು ಅಂದವಾಗಿಟ್ಟೇ ವಾಚಕನನ್ನು ವಂಚಿಸುವದು. ಊಹಿಸಿ ಬರೆದ ದೀರ್ಘಕ್ಕೆ ಮಾತ್ರ ಇಂಥ ಗುರುತೂ ಇರುವದಿಲ್ಲ. ಆದುದರಿಂದ ಪ್ರತಿಯಾದ ಮೇಲೂ ಮೂಲದ ಕಾಗದವನ್ನು ಸುಡಲು ನಾನು ಒಪ್ಪಲಾರೆನು.